ಕಡಲೂರಿನಲ್ಲಿ ಇನ್ಸ್‌ಪೆಕ್ಟರ್ ಓಬಳಯ್ಯ

ಓಬಳಯ್ಯನವರು ನಮ್ಮ ಹೋಟೆಲಿಗೆ ಬಂದರೆ ಮೇಜಿನ ಮುಂದೆ ಕೂರುತ್ತಿರಲಿಲ್ಲ. ನೇರವಾಗಿ ಅಡುಗೆಮನೆಗೆ ನುಗ್ಗಿ, ಒಲೆಯ ಮೇಲಿದ್ದ ಪಾತ್ರೆಗಳ ಮುಚ್ಚಳ ಎತ್ತಿ, ಬಗ್ಗಿ, ಕಣ್ಣು ಮುಚ್ಚಿಕೊಂಡು ಮೂಸುತ್ತಿದ್ದರು. ಉದ್ದನೆಯ, ತುದಿಯಲ್ಲಿ ಕೊಂಚ ಬಲಕ್ಕೆ ವಾಲಿದ ಮೂಗು. ಹೊಳ್ಳೆಗಳು ಹಾಗೇ ಇದ್ದರೆ ನಾವು ಬದುಕಿಕೊಂಡೆವು. ಅಗಲವಾದವೋ, ಮುಗಿಯಿತು. "ಥೂ! ಚೆಲ್ರೀ ಇದನ್ನ!" ಅನ್ನುವ ಕೂಗು ಬಸ್ ಸ್ಟ್ಯಾಂಡಿನವರೆಗೂ ಕೇಳುತ್ತಿತ್ತು.

ಮಧುಗಿರಿಯಲ್ಲಿ ಅವರು ಆರೋಗ್ಯ ನಿರೀಕ್ಷಕರಾಗಿದ್ದರು. ಊರಿನ ಬಾಯಲ್ಲಿ ಇನ್ಸ್‌ಪೆಕ್ಟ್ರು. ನಾನು ಅಪ್ಪನ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರಲು ಶುರುಮಾಡಿದ ಹೊಸದರಲ್ಲಿ, ಒಂದು ಸಂತೆಯ ದಿನ ಅವರು ನಮ್ಮ ಸಾಂಬಾರಿನ ಹಂಡೆಯನ್ನು ಮೋರಿಗೆ ಚೆಲ್ಲಿಸಿಬಿಟ್ಟರು. ಹೊರಗೆ ಹಳ್ಳಿಯ ಜನ ಇಡ್ಲಿಗಾಗಿ ಕಾದು ನಿಂತಿದ್ದರು. ಅಪ್ಪ ಕುದ್ದುಹೋದರು.

"ಯಾತಕ್ಕೆ ಚೆಲ್ಲಿಸ್ತೀರಿ? ಕಾರಣ ಹೇಳ್ರಿ!"

"ಕಾರಣ ಹೇಳ್ದೆ ಚೆಲ್ಲಿಸೋ ಪೈಕಿ ಅಲ್ಲ ನಾನು. ನಿನ್ನೆ ಸಾಂಬಾರ್‌ಗೆ ಇವತ್ತಿನ ಬೇಳೆ ಬೆರೆಸಿದೀರ. ಬನ್ನಿ ಇಲ್ಲಿ, ನೀವೇ ಮೂಸಿ."

ಅಪ್ಪ ಬಗ್ಗಿ ಮೂಸಿದರು. ಆಮೇಲೆ ಹಂಡೆಯ ಒಂದು ಕಡೆಗೆ ತಾವೇ ಕೈ ಕೊಟ್ಟರು. ಓಬಳಯ್ಯನವರು ಅಲ್ಲೇ ಕೂತು ಬರೀ ಚಟ್ನಿಯಲ್ಲಿ ಇಡ್ಲಿ ತಿಂದು, "ಚಟ್ನಿ ಚೆಂದಾಗದೆ" ಎಂದು ಹೇಳಿ ಹೋದರು. ಅಂದಿನಿಂದ ಅಪ್ಪನಿಗೆ ಅವರೆಂದರೆ ಭಯ, ನನಗೆ ಅವರೆಂದರೆ ಪ್ರೀತಿ.

ನಡುವೆ ಕೆಲವು ವರ್ಷ ಅವರಿಗೆ ಪಾವಗಡಕ್ಕೆ ವರ್ಗವಾಗಿತ್ತು. ಅಲ್ಲಿಂದ ಅವರು ಹೊತ್ತು ತಂದದ್ದು ಒಂದೇ ಒಂದು ತೆಲುಗು ಮಾತು: "ಏಮಿ ಕಂಪಪ್ಪಾ ಇದಿ!" ನಮ್ಮ ಕನ್ನಡದಲ್ಲಿ ಕಂಪು ಅಂದರೆ ಮಲ್ಲಿಗೆಯ ಪರಿಮಳ, ಆ ಕಡೆಯ ತೆಲುಗಿನಲ್ಲಿ ಕೊಳೆತು ನಾರುವ ನಾತ. ಮೋರಿ ಕಂಡರೂ ಕಂಪು, ಬಸ್ಸಿನಲ್ಲಿ ಪಕ್ಕದವನು ಅಂಗಿ ಬಿಚ್ಚಿದರೂ ಕಂಪು. ಮದುವೆ ಮನೆಯಲ್ಲಿ ನೀರಿನ ಲೋಟದ ತಳವನ್ನು ಬೆಳಕಿಗೆ ಹಿಡಿದು ನೋಡಿಯೇ ಕುಡಿಯುವರು. ಜಗತ್ತಿನ ಮುಕ್ಕಾಲು ಭಾಗ ಅವರಿಗೆ ಹೇಸಿಗೆಯಾಗಿತ್ತು. ಉಳಿದ ಕಾಲು ಭಾಗವನ್ನು ತೊಳೆದು ಒಣಗಿಸಿ ಇಟ್ಟುಕೊಂಡು ಬದುಕಿದ್ದರು.

ನಿವೃತ್ತರಾದ ಮೇಲೆ ಅವರಿಗೆ ಉಬ್ಬಸ ಹಿಡಿಯಿತು. ಹೆಂಡತಿ ತೀರಿಕೊಂಡಿದ್ದರು. ಮಗಳು ಸುಜಾತ ಕೊರಟಗೆರೆಯಲ್ಲಿ ಟೀಚರು. ಚಳಿಗಾಲ ಬಂತೆಂದರೆ ನಮ್ಮೂರ ಏಕಶಿಲೆಯ ಬೆಟ್ಟ ರಾತ್ರಿಯ ಶೀತವನ್ನೆಲ್ಲ ಕುಡಿದು ಬೆಳಗಿನ ಹೊತ್ತು ಊರಿನ ಮೇಲೆ ಉಗುಳುತ್ತದೆ. ಅದರ ಜೊತೆಗೆ ಕಡಲೆಕಾಯಿ ಹೊಟ್ಟಿನ ಧೂಳು ಬೇರೆ. ಓಬಳಯ್ಯನವರ ಎದೆ ತಿದಿಯ ಹಾಗೆ ಊದಿಕೊಳ್ಳುತ್ತಿತ್ತು. ಡಾಕ್ಟರು, ಚಳಿಗಾಲ ಕಳೆಯುವವರೆಗೆ ಬೆಚ್ಚಗಿರುವ ಕಡೆ ಹೋಗಿರಿ, ಸಮುದ್ರದ ದಂಡೆಯಾದರೆ ಒಳ್ಳೆಯದು ಎಂದರು. ಆ ಹೊತ್ತಿಗೆ ನಾನೂ ಹೋಟೆಲನ್ನು ತಮ್ಮನಿಗೆ ವಹಿಸಿ, ಹಿಡಿದುಕೊಂಡ ಮಂಡಿಗಳನ್ನು ನೀವುತ್ತ ಮನೆಯಲ್ಲಿದ್ದೆ. "ನಡೀರಿ ಇನ್ಸ್‌ಪೆಕ್ಟ್ರೇ, ಜೊತೆಗೆ ನಾನೂ ಬರ್ತೀನಿ" ಎಂದೆ.

ಸಿರಾದ ಚಂದ್ರಶೇಖರಪ್ಪ ನನ್ನ ತಾಯಿಯ ಕಡೆಯಿಂದ ಮಾವನಾಗಬೇಕು. ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಮಂಗಳೂರಿನ ಆಚೆ ಕಡಲ ದಂಡೆಯಲ್ಲಿ ಒಂದು ಹಳೆಯ ಹೆಂಚಿನ ಮನೆಯನ್ನು ಬಾಡಿಗೆಗೆ ಹಿಡಿದು, ನಮ್ಮ ಕಡೆಯ ನಿವೃತ್ತರು ಕೆಲವರನ್ನು ಸೇರಿಸಿಕೊಂಡು, ಚಳಿಗಾಲ ಪೂರ್ತಿ ಅಲ್ಲಿರುತ್ತಿದ್ದರು. ಅಡುಗೆಗೊಬ್ಬರು ಭಟ್ಟರು. ಪಾತ್ರೆ, ಕಸ, ಬಟ್ಟೆಗೆ ಅಲ್ಲಿನವಳೇ ಕುಸುಮ ಅನ್ನುವ ಹೆಂಗಸು. ನಾವೂ ಹೋಗಿ ಸೇರಿಕೊಂಡೆವು.

ಕಡಲನ್ನು ಮೊದಲ ಸಲ ನೋಡಿದ ಓಬಳಯ್ಯನವರು, "ಇಷ್ಟೊಂದು ನೀರು ಇಟ್ಕಂಡು ಇವ್ರು ಯಾಕೆ ಇಂಗೆ ಇದಾರೆ?" ಎಂದರು. ದಂಡೆಯ ತುಂಬ ಬಾಟಲಿ, ಪ್ಲಾಸ್ಟಿಕ್ಕು, ಯಾರದೋ ಡೈಪರು. ಮನೆಯೊಳಗೂ ಸುಖವಿರಲಿಲ್ಲ. ಮೈಮೇಲೆ ಸದಾ ಜಿಗುಟು. ಒಗೆದ ಟವಲು ಒಣಗದೆ ಮುಗ್ಗಲು ನಾತ ಹೊಡೆಯುವುದು. ಬೆಳಗಾದರೆ ನಿವೃತ್ತರೆಲ್ಲ ಸಾಲಾಗಿ ನಿಂತು ಒಂದೇ ಬೇಸಿನ್ನಿನಲ್ಲಿ ಕ್ಯಾಕರಿಸುವರು. ಕಿಟಕಿಯ ಕಟ್ಟೆಯ ಮೇಲೆ ಗಾಜಿನ ಲೋಟಗಳಲ್ಲಿ ಹಲ್ಲಿನ ಸೆಟ್ಟುಗಳು ನಗುತ್ತಿರುತ್ತಿದ್ದವು. ಕಾಫಿಯ ಜೊತೆಗೆ ಮಾತೆಂದರೆ ಯಾರಿಗೆ ಹೊಟ್ಟೆ ಸಲೀಸಾಯಿತು, ಯಾರಿಗೆ ಆಗಲಿಲ್ಲ ಅನ್ನುವುದೇ. ಓಬಳಯ್ಯನವರು ಲೋಟ ಎತ್ತಿಕೊಂಡು ಅಂಗಳಕ್ಕೆ ಓಡುತ್ತಿದ್ದರು. "ಶಿವಣ್ಣೋರೆ, ಸರ್ವಿಸ್ನಾಗೆ ಇಂಥ ಹೇಸಿಗೆ ನೋಡಿರ್ಲಿಲ್ಲ ಕಣ್ರೀ."

ಆದರೆ ಉಬ್ಬಸ ಇಳಿಯಿತು. ರಾತ್ರಿ ಮಲಗಿ ನಿದ್ದೆ ಮಾಡುವಂತಾದರು. ಮಗಳಿಗೆ ವೀಡಿಯೋ ಕಾಲ್ ಮಾಡಿ, ಎಳೆದ ಉಸಿರನ್ನು ಸಲೀಸಾಗಿ ಬಿಟ್ಟು ತೋರಿಸುತ್ತಿದ್ದರು.

ಅಲ್ಲಿಯೂ ಅವರು ಅಡುಗೆಮನೆಗೆ ಹೋಗಿ ಮುಚ್ಚಳ ಎತ್ತುತ್ತಿದ್ದರು. ಮೊದಲಿಗೆ ಭಟ್ಟರು ಸಿಡುಕಿದರು, ಆಮೇಲೆ ಅವರಿಗೂ ಅದು ರೂಢಿಯಾಯಿತು. ನಿವೃತ್ತರಿಗಂತೂ ತಮಾಷೆ. ಎಲೆ ಮುಂದೆ ಕೂತ ಮೇಲೆ ಚಂದ್ರಶೇಖರಪ್ಪ ಮಾವನೇ ಕೇಳುವರು: "ಇನ್ಸ್‌ಪೆಕ್ಟ್ರೇ, ಸಾರು ಪಾಸೋ ಫೇಲೋ?" "ಪಾಸು ಸಾರ್" ಎಂದ ಮೇಲೆ ಎಲ್ಲರೂ ಕೈ ಇಡುತ್ತಿದ್ದರು. ನನ್ನ ಜೊತೆಗೆ ಬಂದವರು ನಮ್ಮವರೇ ಇರಬೇಕೆಂದು ಮಾವನೂ ಉಳಿದವರೂ ಅಂದುಕೊಂಡಿದ್ದರು ಎಂಬುದು ನನಗೆ ಹೊಳೆದಿರಲಿಲ್ಲ. ಓಬಳಯ್ಯನವರು ಏನನ್ನೂ ಮುಚ್ಚಿಟ್ಟವರಲ್ಲ. ಅವರ ಮಂಚದ ಪಕ್ಕದ ಗೋಡೆಯಲ್ಲಿ ಬುದ್ಧನ ಪಟವಿತ್ತು. ಅದನ್ನು ನೋಡಿ ಮಾವ "ಚೆನ್ನಾಗದೆ, ಶಾಂತವಾಗದೆ" ಎಂದಿದ್ದರು.

ಎರಡನೆಯ ವರ್ಷದ ಪುಷ್ಯಮಾಸ. ಮಾವನ ಬೀಗರೊಬ್ಬರು ತೋವಿನಕೆರೆ ಕಡೆಯಿಂದ ಒಂದು ಚೀಲ ಸೊಗಡಿನ ಅವರೆಕಾಯಿ ಹೊತ್ತುಕೊಂಡು ಬಂದರು. ಎಲ್ಲರೂ ಅಂಗಳದಲ್ಲಿ ಕೂತು ಕಾಯಿ ಸುಲಿದೆವು. ಬೀಗರು ಓಬಳಯ್ಯನವರನ್ನೇ ದಿಟ್ಟಿಸುತ್ತಿದ್ದವರು ಕೇಳಿದರು:

"ನೀವು ತೋವಿನಕೆರೆ ಲಕ್ಕಯ್ಯನ ಮಗ ಅಲ್ವಾ? ನಿಮ್ಮಪ್ಪ ನಮ್ಮ ಹೊಲದಾಗೆ ಗೆಯ್ತಿದ್ದ."

"ಊಂ ಕಣ್ರೀ, ಲಕ್ಕಯ್ಯನ ಮಗನೇ. ನಮ್ಮಪ್ಪ ನಿಮ್ಮ ಹೊಲ ಬಾಳ ಚೆಂದಾಗಿಟ್ಟಿದ್ದ" ಎಂದು ಓಬಳಯ್ಯನವರು ನಕ್ಕರು. ಬೀಗರು ನಗಲಿಲ್ಲ. ಮಾವ ಸುಲಿಯುತ್ತಿದ್ದ ಕಾಯಿಯನ್ನು ಕೈಯಲ್ಲೇ ಹಿಡಿದು ಕೂತರು.

ಮಾರನೆಯ ದಿನ ಅವರೆಕಾಳಿನ ಸಾರು. ಆ ಸೊಗಡು ಇಡೀ ಮನೆ ತುಂಬಿತ್ತು. ಓಬಳಯ್ಯನವರು ಎಂದಿನಂತೆ ಒಳಗೆ ಹೋಗಿ, ಮುಚ್ಚಳ ಎತ್ತಿ ಮೂಸಿ, "ಶಿವಣ್ಣೋರೆ, ಊರೇ ಬಂದು ಪಾತ್ರೇಲಿ ಕುಂತದೆ!" ಎಂದು ಖುಷಿಯಲ್ಲಿ ಹೇಳಿ ಸ್ನಾನಕ್ಕೆ ಹೋದರು. ಸ್ನಾನ ಮುಗಿಸಿ ಬಟ್ಟೆ ಹರವಲು ಅವರು ಹಿತ್ತಿಲಿಗೆ ಬರುವುದಕ್ಕೂ, ಕುಸುಮ ಆ ಪಾತ್ರೆಯನ್ನು ತೆಂಗಿನ ಬುಡಕ್ಕೆ ಬಗ್ಗಿಸುವುದಕ್ಕೂ ಸರಿಹೋಯಿತು. ಭಟ್ಟರು ಬಾಗಿಲಲ್ಲಿ ನಿಂತಿದ್ದರು. ಅವರ ಹಿಂದೆ ಮಾವ.

"ಯಾಕ್ರೀ ಚೆಲ್ತೀರಿ?" ಎಂದರು ಓಬಳಯ್ಯನವರು. ಹೆಗಲ ಮೇಲೆ ಒದ್ದೆ ಪಂಚೆ.

ಭಟ್ಟರು ಒಳಗೆ ಸರಿದರು. ಮಾವ ಎಲ್ಲೋ ನೋಡುತ್ತ, "ಹಲ್ಲಿ ಬಿದ್ದಿತ್ತು" ಎಂದರು.

"ಹಲ್ಲಿನಾ? ಈಗ ತಾನೆ ನೋಡಿದ್ನಲ್ಲ?"

"ಆಮೇಲೆ ಬಿತ್ತು."

ಓಬಳಯ್ಯನವರು ಪಂಚೆಯನ್ನು ಹಗ್ಗದ ಮೇಲೆ ಹಾಕಿ, ಒಂದು ತೆಂಗಿನ ಕಡ್ಡಿ ಮುರಿದುಕೊಂಡು, ಕುಕ್ಕರುಗಾಲಲ್ಲಿ ಕೂತರು. ಹಬೆಯಾಡುತ್ತಿದ್ದ ಸಾರು ಮರಳಿನಲ್ಲಿ ಇಂಗುತ್ತಿತ್ತು. ಕಾಳುಗಳು ಮೇಲುಳಿದಿದ್ದವು. ಒಂದೊಂದೇ ಕಾಳನ್ನು ಕಡ್ಡಿಯಿಂದ ಸರಿಸಿ ಸರಿಸಿ ಹುಡುಕಿದರು. ನೌಕರಿಯಲ್ಲಿದ್ದಾಗ ಹುಡುಕುತ್ತಿದ್ದಂತೆಯೇ, ಶ್ರದ್ಧೆಯಿಂದ. ಊಟಕ್ಕೆಂದು ಬಂದ ನಿವೃತ್ತರೆಲ್ಲ ಹಿತ್ತಿಲಲ್ಲಿ ಗುಂಪಾದರು. ಕುಸುಮ ಬರಿದಾದ ಪಾತ್ರೆಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು.

ಓಬಳಯ್ಯನವರು ಎದ್ದರು.

"ಇದ್ರಾಗೆ ಹಲ್ಲಿ ಇಲ್ಲ ಸ್ವಾಮಿ. ಬಿದ್ದಿರೋನು ನಾನೊಬ್ಬನೇ. ನಾನು ಎಷ್ಟೋ ಜನದ್ದು ಚೆಲ್ಲಿಸೀನಿ. ಕಾರಣ ಹೇಳಿ ಚೆಲ್ಲಿಸೀನಿ. ನೀವೂ ಹೇಳ್ಬುಡಿ."

ಮಾವ ಹೇಳಲಿಲ್ಲ. "ಅಡುಗೆಮನೆ ಅಂದ ಮೇಲೆ ಒಂದು ಪದ್ಧತಿ ಇರ್ತದೆ..." ಎಂದು ಏನೋ ಗೊಣಗಿದರು. ನಾನು ಒಳಗೆ ಹೋಗಿ ನಮ್ಮಿಬ್ಬರ ಬಟ್ಟೆಗಳನ್ನೂ ಚೀಲಕ್ಕೆ ತುಂಬಿದೆ. ಗೋಡೆಯ ಮೇಲಿನ ಬುದ್ಧನ ಪಟ ಇಳಿಸಿ ಟವಲಿನಲ್ಲಿ ಸುತ್ತಿಕೊಂಡೆ. ಮಾವ ಹಿಂದೆಯೇ ಬಂದರು.

"ಲೇ ಶಿವಣ್ಣ, ನೀನ್ಯಾಕೋ ಹೊಂಟೆ? ನಿಂಗೇನಾಗದೆ?"

"ವಾಕರಿಕೆ ಬರ್ತಾ ಅದೆ ಮಾವ."

ಕಡಲ ದಂಡೆಯಲ್ಲಿ ಮಗುಚಿ ಹಾಕಿದ ದೋಣಿಯೊಂದರ ನೆರಳಲ್ಲಿ ಇಬ್ಬರೂ ಕೂತೆವು. ಓಬಳಯ್ಯನವರಿಗೆ ಉಬ್ಬಸ ಎದ್ದಿತ್ತು. ಇನ್‌ಹೇಲರ್ ಎಳೆದುಕೊಂಡರೂ ಎದೆ ಸುಯ್ಯೆನ್ನುತ್ತಿತ್ತು. ಮಾತು ಬಂದಾಗ, "ಊರಿಗೆ ಹೋಗಾನ" ಎಂದರು.

"ಈ ಚಳೀಲಾ ಇನ್ಸ್‌ಪೆಕ್ಟ್ರೇ? ಸುಜಾತಮ್ಮಂಗೆ ಏನು ಹೇಳ್ಲಿ?"

"ಚಳಿ ಕೊಂದ್ರೆ ಕೊಲ್ಲಲಿ ಬುಡಿ. ಅದು ಮರ್ವಾದೆಯಾಗಿ ಕೊಲ್ತದೆ." ಇನ್‌ಹೇಲರನ್ನು ಜೇಬಿಗೆ ಹಾಕುತ್ತ ಅಂದರು: "ಜೀವಮಾನ ಎಲ್ಲ ಕೊಳೆ ಹುಡುಕ್ದೆ ಶಿವಣ್ಣೋರೆ. ಕೊಳೆ ಅನ್ನೋದು ತೊಳುದ್ರೆ ಹೋಗ್ತದೆ. ಇದು ಅಂತಾದ್ದಲ್ಲ."

ಕುಸುಮ ನಮ್ಮನ್ನು ಹುಡುಕಿಕೊಂಡು ಬಂದಳು. ಮುಖ ಕೆಂಪಾಗಿತ್ತು. "ಅಷ್ಟು ಒಳ್ಳೆ ಸಾರು ನನ್ನ ಕೈಯಲ್ಲಿ ಚೆಲ್ಲಿಸಿದರು ಮಾರಾಯ್ರೆ. ನಾಳೆಯಿಂದ ಬರುವುದಿಲ್ಲ ಅಂತ ಹೇಳಿ ಬಂದೆ. ನಮ್ಮ ಮನೆಯಲ್ಲಿ ಒಂದು ಕೋಣೆ ಖಾಲಿ ಉಂಟು. ಆದರೆ ಮೀನು ಒಣಗಿಸುವ ಜಾಗ. ನಿಮಗೆ ಆಗ್ತದಾ?"

ಆಗುವುದು ಸುಲಭವಾಗಿರಲಿಲ್ಲ. ಅಂಗಳದ ತುಂಬ ಚಾಪೆಗಳ ಮೇಲೆ ಮೀನು ಹರವಿತ್ತು. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ನಾನು ಮೊದಲ ದಿನ ಎರಡು ಸಲ ವಾಂತಿ ಮಾಡಿಕೊಂಡೆ. ಓಬಳಯ್ಯನವರು ಬಾಡು ತಿನ್ನುವವರು. ಅವರೂ ಮೂಗು ಮುಚ್ಚಿಕೊಂಡು ಕಿರುಚಿದರು: "ಅಯ್ಯಯ್ಯೋ, ಏಮಿ ಕಂಪಪ್ಪಾ ಇದಿ!"

ಕುಸುಮಳ ಮುಖ ಅರಳಿತು. "ಕಂಪಾ? ಹೌದಾ ಅಜ್ಜ? ಘಟ್ಟದ ಮೇಲಿನವರು ಒಬ್ಬರಾದರೂ ಹಾಗೆ ಹೇಳಿದ್ರಲ್ಲ!"

ಅವರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಇಬ್ಬರೂ ಆ ಮಾತಿನ ಅರ್ಥ ಬಿಡಿಸಿ ಹೇಳಲಿಲ್ಲ. ಆ ದಿನ ಅವರು ನಕ್ಕಿದ್ದು ಅದೊಂದು ಸಲ.

ಚಳಿಗಾಲದ ಉಳಿದ ದಿನಗಳನ್ನು ಅಲ್ಲೇ ಕಳೆದೆವು. ಹಿತ್ತಿಲ ಚಪ್ಪರದ ಕೆಳಗೆ ಒಲೆ ಹೂಡಿ ನಾನು ಮುದ್ದೆ ತಿರುವುತ್ತಿದ್ದೆ. ಅವರು ಮುಚ್ಚಳ ಎತ್ತಿ ತಪ್ಪು ಹುಡುಕುತ್ತಿದ್ದರು. ಕುಸುಮಳ ಗಂಡ ದೋಣಿಯಿಂದ ಬಂದರೆ ಕಾಲು ತೊಳೆಯದೆ ಒಳಗೆ ಬರುವ ಹಾಗಿರಲಿಲ್ಲ, ಈ ಹೊಸ ಇನ್ಸ್‌ಪೆಕ್ಟರರ ಕಾಟ. ಮೀನಿನ ನಾತ ಅವರಿಗೆ ಕೊನೆಯವರೆಗೂ ಹಿಡಿಸಲಿಲ್ಲ. ಹಿಡಿಸಿತೆಂದು ಸುಳ್ಳೂ ಹೇಳಲಿಲ್ಲ. "ನಾರ್ತದೆ ಕಣ್ರೀ, ಥೂ. ಆದ್ರೆ ಮೀನು ನಾರ್ತದೆ, ಮನುಷ್ಯರಲ್ಲ" ಎನ್ನುತ್ತಿದ್ದರು.

ಮುಂದಿನ ಚಳಿಗಾಲಕ್ಕೂ ಅಲ್ಲಿಗೇ ಹೋಗುವುದೆಂದು ಮಾತಾಗಿತ್ತು. ಆದರೆ ಮಳೆಗಾಲದಲ್ಲೇ ಜ್ವರ ಹಿಡಿದು, ಅದು ಎದೆಗೆ ಇಳಿದು, ಸುಜಾತ ಅವರನ್ನು ತುಮಕೂರಿನ ಆಸ್ಪತ್ರೆಗೆ ಸೇರಿಸಿದಳು. ನಾನು ನೋಡಲು ಹೋದಾಗ ಮುಖಕ್ಕೆ ಮಾಸ್ಕ್ ಹಾಕಿದ್ದರು. ನನ್ನನ್ನು ಕಂಡವರೇ ಅದನ್ನು ಜಗ್ಗಿ, "ಯಾರ್ಯಾರ ಮೂತಿಗೆ ಹಾಕಿದ್ದೋ ಏನೋ, ಥೂ" ಎಂದರು. ಸುಜಾತ ಅಳುತ್ತಿದ್ದವಳು ನಕ್ಕುಬಿಟ್ಟಳು. ನಾನು ಏಳುವಾಗ ನನ್ನ ಕೈ ಹಿಡಿದುಕೊಂಡು, "ಕುಸುಮಮ್ಮಂಗೆ ಹೇಳ್ಬುಡಿ. ಕಾರ್ತೀಕ ಕಳೀಲಿ, ಬಂದ್ಬುಡ್ತೀವಿ" ಎಂದರು. ಅದೇ ಕಡೆಯ ಮಾತು. ಆ ವಾರ ದಾಟಲಿಲ್ಲ.

ಮೊನ್ನೆ ಸಿರಾದಲ್ಲಿ ನಮ್ಮ ನೆಂಟರ ಮದುವೆ. ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆಗೆ ಚಂದ್ರಶೇಖರಪ್ಪ ಮಾವ ಬಂದು ಕೂತರು. ಮೈ ತುಂಬಿಕೊಂಡಿದ್ದರು, ಕಡಲ ಗಾಳಿ ಅವರಿಗೆ ಒಗ್ಗಿತ್ತು. ಎಲೆಗೆ ನೀರು ಚಿಮುಕಿಸುತ್ತ ಹೇಳಿದರು:

"ನಿನ್ನ ಸ್ನೇಹಿತ ಹೋದ್ನಂತಲ್ಲೋ. ಪಾಪ. ಏನೇ ಹೇಳು, ಬಾಳ ಶುದ್ಧವಾದ ಮನುಷ್ಯ ಕಣ್ಲಾ. ಆ ಜನದಾಗೆ ಅಂಥೋರು ಸಿಗೋದಿಲ್ಲ."

ನನ್ನ ಎಲೆಗೆ ಆಗಲೇ ಪಾಯಸ ಬಿದ್ದಿತ್ತು. ಕೋಸಂಬರಿ, ಹೋಳಿಗೆ, ಬಿಸಿ ಅನ್ನ, ಮೇಲೆ ತುಪ್ಪ. ಎಲೆಯನ್ನು ಮಡಚಿದೆ. ಪಂಕ್ತಿಯ ನಡುವೆ ಎದ್ದು ನಿಂತೆ. ಮದುವೆ ಹೆಣ್ಣಿನ ತಂದೆ ಬಡಿಸುವುದನ್ನು ಬಿಟ್ಟು ಗಾಬರಿಯಿಂದ ಓಡಿ ಬಂದರು.

"ಯಾಕಣ್ಣಾ ಎದ್ಬುಟ್ರಿ? ಅಡಿಗೇಲಿ ಏನಾದ್ರೂ ಆಗದಾ?"

"ಅಡಿಗೇಲಿ ಏನೂ ಆಗಿಲ್ಲಪ್ಪ" ಎಂದೆ. ಮಾವನ ಕಡೆ ಕೈ ತೋರಿಸಿ, ಸಾಲಿನಲ್ಲಿ ಕೂತವರಿಗೆಲ್ಲ ಕೇಳುವ ಹಾಗೆ ಕಾರಣ ಹೇಳಿದೆ. ಹೇಳಿ ಬಂದು, ಮಧುಗಿರಿಯ ಬಸ್ಸು ಹತ್ತಿದೆ.