ಹನ್ನೊಂದನೆಯ ಹೆಜ್ಜೆ

ಆ ನಾಡಿನಲ್ಲಿ ಆಗಸ್ಟ್ ಎಂದರೆ ಇನ್ನೂ ಚಳಿಗಾಲ; ಆ ಮಂಗಳವಾರ ಬೆಳಿಗ್ಗೆ ನಲ್ಲಿಯ ಬಾಯಿಯಲ್ಲಿ ಮಂಜುಗಡ್ಡೆ ಕಟ್ಟಿತ್ತು. ಮಾಲಿಂಫೊ ಕಲ್ಲಿನಿಂದ ಎರಡೇಟು ಹಾಕಿ ಅದನ್ನು ಉದುರಿಸಿ ಎರಡು ಪ್ಲಾಸ್ಟಿಕ್ ಕ್ಯಾನುಗಳಿಗೆ ನೀರು ಹಿಡಿದಳು. ಹೊದ್ದ ಕಂಬಳಿಯ ಪಿನ್ನನ್ನು ಎದೆಯ ಮೇಲೆ ಬಿಗಿ ಮಾಡಿಕೊಂಡು, ಒಂದು ಕ್ಯಾನನ್ನು ತಲೆಯ ಮೇಲಿಟ್ಟು ಇನ್ನೊಂದನ್ನು ಕೈಯಲ್ಲಿ ಹಿಡಿದು ದಿಬ್ಬ ಹತ್ತಿದಳು. ಆ ನೀರು ಕುಡಿಯುವುದಕ್ಕಲ್ಲ, ಬಂಡೆಗೆ. ಒಣ ಬಂಡೆಯ ಮೇಲೆ ಡೈನೋಸಾರಿನ ಹೆಜ್ಜೆ ಸರಿಯಾಗಿ ಕಾಣುವುದಿಲ್ಲ. ಹೊತ್ತು ನೆತ್ತಿಗೇರಿದ ಮೇಲಂತೂ ಇಲ್ಲವೇ ಇಲ್ಲ ಎನ್ನಬೇಕು. ನೀರು ಹೊಯ್ದು ಹುಲ್ಲಿನ ಪೊರಕೆಯಲ್ಲಿ ಗುಡಿಸಿದರೆ ಗುಳಿಗಳಲ್ಲಿ ನೀರು ನಿಂತು ಮೂರು ಬೆರಳು ಕಪ್ಪಗೆ ಎದ್ದು ಬರುತ್ತವೆ. ನೋಡಲು ಬಂದವರು ಆಗ ‘ಓ’ ಎನ್ನುತ್ತಾರೆ. ಹದಿಮೂರು ವರ್ಷದಿಂದ ಆ ‘ಓ’ ಅವಳ ಕೆಲಸ.

ಬಂಡೆ ಇರುವುದು ಹಾ ಸೆಕೋಲಿ ಊರಿನ ಮೇಲೆ, ಸೆಂಕು ನದಿ ತಿರುಗುವ ಕಡೆ. ಸುತ್ತ ತಂತಿ ಬೇಲಿ, ಬಾಗಿಲಲ್ಲಿ ತಗಡಿನ ಗೂಡು, ಗೂಡಿನೊಳಗೆ ಟಿಕೆಟ್ ಹರಿಯುವ ಫೋಕಾ. ಹಿರಿಯನೆಂದು ಊರೆಲ್ಲ ಅವನನ್ನು ಎನ್ತಾತೆ ಎಂದು ಕರೆಯುತ್ತದೆ. ಹಾಗೆಯೇ ಮಾಲಿಂಫೊ ಎಲ್ಲರಿಗೂ ಮ್ಮೆ, ಎಂದರೆ ಅಮ್ಮ.

“ಏನು ಮ್ಮೆ ಮಾಲಿಂಫೊ, ಮುಖ ಸಪ್ಪಗಿದೆ? ಇವತ್ತು ನಿಮ್ಮ ಮಗಳು ಬಸ್ಸು ತುಂಬ ಜನ ಕಟ್ಕೊಂಡು ಬರ್ತಾ ಇದಾಳೆ, ನೀವು ನೋಡಿದ್ರೆ ಸಾವಿನ ಮನೆಗೆ ಹೊರಟ ಹಾಗಿದೀರ.”

“ಅವಳು ನನ್ನ ಮಗಳಲ್ಲ.”

“ಮೂರು ಸಲ ಬಂದು ನಿಮ್ಮನೆ ಮುದ್ದೆ ತಿಂದೋಳು ಮಗಳಲ್ಲದೆ ಇನ್ನೇನು? ನಾನು ಇಷ್ಟು ವರ್ಷದಿಂದ ಇಲ್ಲೇ ಕೂತಿದೀನಿ, ಒಂದಿನ ಊಟಕ್ಕೆ ಬಾ ಅಂದಿದೀರಾ?”

“ನೀವು ಊಟಕ್ಕೆ ಕೂತ್ರೆ ಪಾತ್ರೆನೂ ಉಳಿಯಲ್ಲ ಎನ್ತಾತೆ” ಎಂದು ಅವಳು ಒಳಗೆ ನಡೆದಳು. ಬೇರೆ ದಿನವಾಗಿದ್ದರೆ ನಿಂತು ಇನ್ನೆರಡು ಮಾತು ಆಡುತ್ತಿದ್ದಳು.

ಬಂಡೆಯ ಮೇಲೆ ಒಂದೇ ಸಾಲಿನಲ್ಲಿ ಇಪ್ಪತ್ತಮೂರು ಹೆಜ್ಜೆಗಳಿವೆ. ಪಕ್ಕದಲ್ಲಿ ಬಿಳಿ ಬಣ್ಣದ ಅಂಕಿಗಳಿವೆ. ಒಂದರಿಂದ ಗುಡಿಸುತ್ತ ಬಂದ ಮಾಲಿಂಫೊ ಹತ್ತರ ನಂತರ ಪೊರಕೆ ಎತ್ತಿ ಹಿಡಿದು ಹನ್ನೆರಡಕ್ಕೆ ಹೋದಳು. ಹನ್ನೊಂದನ್ನು ಕಡೆಯಲ್ಲಿ ಗುಡಿಸುವುದು ಆರು ವರ್ಷದ ಅಭ್ಯಾಸ. ಅದನ್ನು ಅವಳೇ ಕೆತ್ತಿದ್ದಳು.

ಅವಳಿಗೆ ಈಗ ಐವತ್ತೆಂಟು. ಮದುವೆಯಾಗಿ ಈ ಊರಿಗೆ ಬಂದಾಗ ಹತ್ತೊಂಬತ್ತು. ಬಂದ ವಾರದಲ್ಲೇ ಅತ್ತೆ ಅವಳಿಗೆ ಮಾಲಿಂಫೊ, ಎಂದರೆ ಲಿಂಫೊನ ತಾಯಿ, ಎಂದು ಹೆಸರಿಟ್ಟರು. ಇಲ್ಲಿ ಸೊಸೆಗೆ ಹೆಸರಿಡುವುದೇ ಹಾಗೆ, ಮಗು ಆಮೇಲೆ. ಲಿಂಫೊ ಹುಟ್ಟಿದ್ದು ಆರು ವರ್ಷ ಕಳೆದು. ಆ ಆರು ವರ್ಷ ಅತ್ತೆ ಮಗುವಿನ ಮಾತೆತ್ತದೆ ಸೊಸೆಗೆ ಲಿತೇಮಾ ಕಲಿಸಿದರು. ಮಣ್ಣು ಸಗಣಿ ಕಲಸಿ ಮನೆಯ ಗೋಡೆಗೆ ಮೆತ್ತಿ, ಹಸಿಯಿರುವಾಗಲೇ ಬೆರಳಿನಿಂದ, ಊಟದ ಫೋರ್ಕಿನಿಂದ ಗೀರಿ ಮೂಡಿಸುವ ಚಿತ್ತಾರ ಅದು. ಗೋಡೆಯನ್ನು ಚೌಕಗಳಾಗಿ ಹಂಚಿಕೊಳ್ಳಬೇಕು. ಒಂದು ಚೌಕದಲ್ಲಿ ಎಲೆ ಬಲಕ್ಕೆ ವಾಲಿದರೆ ಪಕ್ಕದ್ದರಲ್ಲಿ ಎಡಕ್ಕೆ ವಾಲಬೇಕು. ಎಲ್ಲ ಎಲೆಗಳೂ ನಡುವಿನಿಂದ ಹೊರಕ್ಕೆ ಅರಳಬೇಕು. ಒಂದು ಚೌಕವೂ ಖಾಲಿ ಉಳಿಯಬಾರದು. ಅತ್ತೆ ಕತ್ತಲಾಗುವವರೆಗೂ ಗೋಡೆಯ ಮುಂದೆ ಕೂತು ಖಾಲಿ ಜಾಗ ಹುಡುಕುತ್ತಿದ್ದರು, ಸಿಕ್ಕರೆ ಬೈಯುತ್ತಿದ್ದರು. ಹತ್ತು ವರ್ಷದೊಳಗೆ ಸುತ್ತಿನ ಊರುಗಳ ಮದುವೆ ಮನೆಯವರು ಅತ್ತೆಯನ್ನು ಬಿಟ್ಟು ಸೊಸೆಯನ್ನು ಕರೆಯತೊಡಗಿದರು.

ಗಂಡ ತ್ಸೋಲೊ ಕಲ್ಲುಕುಟಿಗ, ಮರಳುಗಲ್ಲನ್ನು ಚೊಕ್ಕ ಮಾಡಿ ಮನೆ ಕಟ್ಟುವವನು. ಅವನು ಎದೆನೋವಿನಿಂದ ತೀರಿಕೊಂಡ ವರ್ಷವೇ ಬಂಡೆಗೆ ಬೇಲಿ ಬಿತ್ತು. ಊರಿನ ಸಮಿತಿಯವರು ಹೆಜ್ಜೆ ತೋರಿಸಲು ಒಬ್ಬರು ಬೇಕೆಂದಾಗ ಮುಖ್ಯಸ್ಥರು ಮಾಲಿಂಫೊ ಹೆಸರು ಹೇಳಿದರು. ಇಪ್ಪತ್ತು ಕೋಟಿ ವರ್ಷದ ಹಿಂದೆ ಇಲ್ಲಿ ಕೆಸರಿತ್ತು, ಎರಡು ಕಾಲಿನ ಪ್ರಾಣಿ ನೀರಿಗೆ ಇಳಿಯುತ್ತಿತ್ತು ಎಂಬುದನ್ನು ಅವಳು ಒಂದು ವಾರದಲ್ಲಿ ಬಾಯಿಪಾಠ ಮಾಡಿದಳು.

ಮುಂಚೆ ಸಾಲಿನಲ್ಲಿ ಇದ್ದದ್ದು ಇಪ್ಪತ್ತೆರಡು ಹೆಜ್ಜೆ. ಹತ್ತರ ನಂತರ ಬಂಡೆ ಸಿಪ್ಪೆ ಎದ್ದು ಹೋಗಿ ಒಂದು ಹೆಜ್ಜೆಯ ಜಾಗ ಬರಿದಾಗಿತ್ತು. ಬಂದವರೆಲ್ಲ ಅಲ್ಲೇ ನಿಲ್ಲುತ್ತಿದ್ದರು. ‘ಇದೆಲ್ಲಿ ಹೋಯ್ತು?’ ಎಂದು ಕೇಳುತ್ತಿದ್ದರು. ಮಾಲಿಂಫೊ ಕಲ್ಲು ಸವೆದದ್ದನ್ನು ವಿವರಿಸುತ್ತಿದ್ದಳು. ಒಮ್ಮೆ ಶಾಲಾ ಮಕ್ಕಳನ್ನು ಕರೆತಂದ ಮೇಷ್ಟ್ರೊಬ್ಬರು, “ಇಲ್ಲಿ ಪ್ರಾಣಿ ಹಾರಿತಾ ಮ್ಮೆ? ನಿಮ್ಮ ಡೈನೋಸಾರಿಗೆ ರೆಕ್ಕೆನೂ ಇತ್ತಾ?” ಎಂದರು. ನಲವತ್ತು ಮಕ್ಕಳು ಕೈ ಬಡಿದು ನಕ್ಕವು. ದಾರಿಯುದ್ದಕ್ಕೂ ಕೈ ಅಗಲಿಸಿ ಹಾರುತ್ತ ಇಳಿದುಹೋದವು. ಅಂದಿನಿಂದ ಆ ಜಾಗ ಅವಳ ಕಣ್ಣಿಗೆ ಅರ್ಧಕ್ಕೆ ಬಿಟ್ಟ ಗೋಡೆಯಂತೆ ಚುಚ್ಚತೊಡಗಿತು.

ಜುಲೈ ತಿಂಗಳ ಚಳಿಗೆ ಯಾರೂ ಬರುವುದಿಲ್ಲ. ಆ ವರ್ಷದ ಜುಲೈಯಲ್ಲಿ ಫೋಕಾನೂ ತಂಗಿಯ ಮನೆಗೆ ಹೋಗಿದ್ದ. ಮಾಲಿಂಫೊ ಗಂಡನ ಮೊನೆಯುಳಿಯನ್ನೂ ಸುತ್ತಿಗೆಯನ್ನೂ ಕಂಬಳಿಯೊಳಗೆ ಇಟ್ಟುಕೊಂಡು ಬಂದು ಎರಡು ಬೆಳಗು ಕೆತ್ತಿದಳು. ಒದ್ದೆ ಮರಳಿನಿಂದ ಉಜ್ಜಿದಳು, ಸಗಣಿ ನೀರು ಬಳಿದು ಬಿಟ್ಟಳು. ಎರಡು ಚಳಿಗಾಲ ಕಳೆಯುವ ಹೊತ್ತಿಗೆ ಅದು ಉಳಿದವುಗಳಷ್ಟೇ ಹಳೆಯದಾಯಿತು. ಬೇಸಿಗೆಯಲ್ಲಿ ಬಣ್ಣ ಬಳಿಯಲು ಬಂದ ಪೇಂಟರ್ ಮುಂಚೆ ಎಷ್ಟಿದ್ದವೆಂದು ಕೇಳದೆ ಒಂದರಿಂದ ಇಪ್ಪತ್ತಮೂರರವರೆಗೆ ಅಂಕಿ ಬರೆದು ಹೋದ. ಆಮೇಲೆ ಯಾರೂ ಅಲ್ಲಿ ನಿಲ್ಲಲಿಲ್ಲ.

ನಿಂತವಳು ನ್ಯಾಕಲ್ಲೊ. ರಾಜಧಾನಿಯ ಕಡೆಯ ವಿಶ್ವವಿದ್ಯಾಲಯದಲ್ಲಿ ಕೊನೆಯ ವರ್ಷ ಓದುವ, ಉದ್ದ ಕೈಕಾಲಿನ, ಬಾಯಿಬಡುಕಿ ಹುಡುಗಿ. ಕಳೆದ ವರ್ಷ ಮೊದಲ ಸಲ ಬಂದಾಗ ಉಳಿಯಲು ಜಾಗ ಕೇಳಿದಳು, ಮಾಲಿಂಫೊ ಮನೆಗೆ ಕರೆದೊಯ್ದಳು. ಮೂರು ದಿನ ಇಬ್ಬರೂ ಬಂಡೆಯ ಮೇಲೆ ಮಂಡಿಯೂರಿ ಹೆಜ್ಜೆ ಅಳೆದರು. ಟೇಪಿನ ಒಂದು ತುದಿ ಹುಡುಗಿಯ ಕೈಯಲ್ಲಿ, ಇನ್ನೊಂದು ತುದಿ ಮಾಲಿಂಫೊ ಕೈಯಲ್ಲಿ.

“ಮ್ಮೆ, ಇಲ್ಲಿ ನೋಡಿ!” ಎಂದು ಹನ್ನೊಂದರ ಮುಂದೆ ಹುಡುಗಿ ಕೂಗಿದ್ದಳು. “ಎಲ್ಲ ಕಾಲೂ ಒಳಕ್ಕೆ ತಿರುಗಿವೆ, ಇದೊಂದು ಮಾತ್ರ ಹೊರಕ್ಕೆ. ಇದರ ಕಾಲಿಗೆ ಪೆಟ್ಟಾಗಿತ್ತು. ಕುಂಟಿದೆ ಪಾಪ, ನಮ್ಮಜ್ಜಿ ಥರ. ಎಷ್ಟು ಚೆಂದದ ಹೆಜ್ಜೆ ಇದು!”

ಹೊರಕ್ಕೆ ಅರಳಿಸುವುದು ಮಾಲಿಂಫೊ ಕೈಯ ರೂಢಿ. ಅದು ಅವಳಿಗೆ ತಕ್ಷಣ ಹೊಳೆಯಿತು. ಹೇಳಬೇಕಾದ ಗಳಿಗೆ ಅದೇ ಆಗಿತ್ತು. ಆದರೆ ತಾನು ಕೆತ್ತಿದ್ದನ್ನು ಚೆಂದ ಎಂದು ಯಾರಾದರೂ ಹೇಳಿ ವರ್ಷಗಳಾಗಿದ್ದವು. ಬೆನ್ನುನೋವಿನಿಂದ ಅವಳು ಗೋಡೆ ಬರೆಯುವುದನ್ನೇ ಬಿಟ್ಟಿದ್ದಳು. ಟೇಪಿನ ತುದಿಯನ್ನು ಇನ್ನೂ ಬಿಗಿಯಾಗಿ ಹಿಡಿದಳು. ಎರಡನೆಯ ಸಲ ಬಂದಾಗ ಹೇಳಿದರಾಯಿತು ಎಂದುಕೊಂಡಳು. ಎರಡನೆಯ ಸಲ ಹುಡುಗಿ ಅವಳಿಗೆ ಉಣ್ಣೆಯ ಟೋಪಿ ತಂದಿದ್ದಳು. ಮೂರನೆಯ ಸಲ ಕುಂಟು ಪ್ರಾಣಿಯ ಮೇಲೆ ನೂರು ಪುಟ ಬರೆದಾಗಿತ್ತು.

ಪದವಿಗೆಂದು ಬರೆದ ಆ ಪ್ರಬಂಧದ ಪರೀಕ್ಷೆ ಈ ಶುಕ್ರವಾರ. ಅದಕ್ಕೆ ಮುಂಚೆ ಇಂದು ಪ್ರೊಫೆಸರ್ ಮೊಲೆಲೆ ತಮ್ಮ ತರಗತಿಯನ್ನೆಲ್ಲ ಬಂಡೆ ನೋಡಲು ಕರೆತರುತ್ತಿದ್ದರು.

ಬಸ್ಸು ಹತ್ತಕ್ಕೆ ಬಂತು. ಹದಿನಾಲ್ಕು ವಿದ್ಯಾರ್ಥಿಗಳು, ಹಿಂದೆ ಬೋಳುತಲೆಯ, ಮೆತ್ತಗೆ ಮಾತಾಡುವ ಪ್ರೊಫೆಸರು. ನ್ಯಾಕಲ್ಲೊ ಓಡಿಬಂದು ಮಾಲಿಂಫೊಳನ್ನು ತಬ್ಬಿಕೊಂಡಳು. “ಇವರೇ ನಾನು ಹೇಳ್ತಿದ್ದ ಮ್ಮೆ. ಗಲಾಟೆ ಮಾಡಿದ್ರೆ ಪೊರಕೇಲಿ ಬಾರಿಸ್ತಾರೆ, ಹುಷಾರು.”

ಮಾಲಿಂಫೊ ಶುರು ಮಾಡಿದಳು. ಇಪ್ಪತ್ತು ಕೋಟಿ ವರ್ಷ, ಕೆಸರು, ನೀರಿನ ಅಂಚು. ನಾಲಿಗೆ ತನ್ನಷ್ಟಕ್ಕೆ ಹೊರಳುತ್ತಿತ್ತು. ಹೆಜ್ಜೆಗೊಮ್ಮೆ ನೀರು ಹೊಯ್ದಳು, ಹೆಜ್ಜೆಗೊಮ್ಮೆ ‘ಓ’ ಕೇಳಿತು. ಹನ್ನೊಂದರ ಬಳಿ ಬಂದಾಗ ಅವಳು ಕ್ಯಾನನ್ನು ಕೆಳಗಿಟ್ಟಳು. ನ್ಯಾಕಲ್ಲೊ ಕ್ಯಾನು ತೆಗೆದುಕೊಂಡು ತಾನೇ ಹೊಯ್ದಳು. ಕುಂಟಿನ ಕಥೆಯನ್ನೂ ತಾನೇ ಹೇಳಿದಳು, ಎರಡು ಹೆಜ್ಜೆ ಕುಂಟಿ ತೋರಿಸಿದಳು. ಎಲ್ಲರೂ ನಕ್ಕರು. ಪ್ರೊಫೆಸರು ಬಗ್ಗಿ ಗುಳಿಯೊಳಗೆ ಬೆರಳಾಡಿಸಿದರು.

“ಅಪರೂಪದ್ದು” ಎಂದರು. “ಶುಕ್ರವಾರ ಮುಗೀಲಿ. ಆಮೇಲೆ ಇದನ್ನ ಹೊರದೇಶದ ಪತ್ರಿಕೆಗೆ ಕಳಿಸೋಣ.”

ಊಟದ ಹೊತ್ತಿಗೆ ಹುಡುಗರು ಗೂಡಿನ ಮುಂದೆ ಕರಿದ ಹಿಟ್ಟಿನ ಉಂಡೆ ತಿನ್ನುತ್ತ ಕೂತರು. ನ್ಯಾಕಲ್ಲೊ ಚೀಲದಿಂದ ತನ್ನ ಪ್ರಬಂಧದ ದಪ್ಪ ಪುಸ್ತಕ ತೆಗೆದು ಮೊದಲ ಪುಟ ಬಿಡಿಸಿ ಮಾಲಿಂಫೊ ಮಡಿಲಲ್ಲಿಟ್ಟಳು. “ಓದಿ ಮ್ಮೆ. ನಮ್ಮಮ್ಮನಿಗಿಂತ ಮುಂಚೆ ನಿಮ್ಮ ಹೆಸರು ಹಾಕಿದೀನಿ. ಅಮ್ಮ ಮುನಿಸ್ಕೊಂಡಿದಾಳೆ.”

ತನ್ನ ಹೆಸರು ಅಚ್ಚಾದದ್ದನ್ನು ಮಾಲಿಂಫೊ ಅದೇ ಮೊದಲು ನೋಡಿದ್ದು. ಪುಸ್ತಕ ಮುಚ್ಚಿದಳು.

“ಈ ಕಡೆ ಬಾ ಸ್ವಲ್ಪ.”

ಗೂಡಿನ ಹಿಂದೆ ಬಿಸಿಲಿತ್ತು. ಹುಡುಗಿ ಇನ್ನೂ ಉಂಡೆ ಅಗಿಯುತ್ತಿದ್ದಳು.

“ಆ ಹನ್ನೊಂದು ಪ್ರಾಣೀದಲ್ಲ ನ್ಯಾಕಲ್ಲೊ.”

“ಮತ್ತಿನ್ಯಾರದು?”

“ನಂದು.”

“ನಿಮಗೆ ಮೂರೇ ಬೆರಳಾ ಮ್ಮೆ?” ಹುಡುಗಿ ನಕ್ಕಳು. “ಶೂ ಬಿಚ್ಚಿ, ನೋಡೋಣ.”

“ನಗಬೇಡ ಕಣೆ. ನಾನು ಕೆತ್ತಿದ್ದು. ಲಿಂಫೊನ ಅಪ್ಪನ ಉಳಿ ತಗೊಂಡು. ಅಲ್ಲಿ ಖಾಲಿ ಇತ್ತು.”

ಹುಡುಗಿ ಅಗಿಯುವುದನ್ನು ನಿಲ್ಲಿಸಿದಳು.

“ಯಾವಾಗ?”

“ಆರು ವರ್ಷ ಆಯ್ತು.”

“ಯಾರಿಗೆ ಗೊತ್ತು?”

“ನಂಗೆ. ಈಗ ನಿಂಗೆ.”

“ಟೇಪಿನ ಆ ತುದಿ ನೀವೇ ಹಿಡ್ಕೊಂಡಿದ್ರಿ.” ನ್ಯಾಕಲ್ಲೊ ಧ್ವನಿ ಏರಲಿಲ್ಲ. “ನಾನು ಓದಿ ಹೇಳ್ತಿದ್ದೆ, ನೀವು ಸರಿ ಸರಿ ಅಂತಿದ್ರಿ. ಸಂಜೆ ಮುದ್ದೆ ಬಡಿಸ್ತಿದ್ರಿ. ನನ್ನ ಮುಖ ನೋಡ್ಕೊಂಡು ಹೆಂಗೆ ಬಡಿಸಿದ್ರಿ ಮ್ಮೆ?”

“ಚೆಂದ ಇದೆ ಅಂದೆಯಲ್ಲ ನೀನು. ಬಾಯಿ ಕಟ್ಟಿಹೋಯ್ತು.”

“ನಾನು ಅಂದಿದ್ದು ಪ್ರಾಣಿಗೆ!”

ಆಚೆ ಯಾರೋ ಏನೋ ಹೇಳಿದರು, ಹುಡುಗರು ಗೊಳ್ಳೆಂದು ನಕ್ಕರು. ನ್ಯಾಕಲ್ಲೊ ಅತ್ತ ನೋಡಿದಳು. ಅವಳ ತಲೆಯಲ್ಲಿ ಏನು ಓಡುತ್ತಿದೆಯೆಂದು ಮಾಲಿಂಫೊಗೆ ತಿಳಿಯಿತು. ಗೊತ್ತಿರುವುದು ಇಬ್ಬರಿಗೇ. ಶುಕ್ರವಾರಕ್ಕೆ ಇನ್ನು ಮೂರು ದಿನ. ಹುಡುಗಿ ಸುಮ್ಮನಿರೋಣ ಎಂದರೆ ತಾನೂ ಸುಮ್ಮನಿರುವವಳೇ ಎಂಬುದೂ ಅವಳಿಗೆ ಗೊತ್ತಿತ್ತು. ಅದಕ್ಕಾಗಿ ಆಗಲೇ ನಾಚಿಕೆಯಾಯಿತು.

“ಹೇಳೋದಾದ್ರೆ ಮೊದಲನೇ ಸಲಾನೇ ಹೇಳ್ಬೇಕಿತ್ತು” ಎಂದಳು ನ್ಯಾಕಲ್ಲೊ ಕೊನೆಗೆ. “ಇಲ್ಲ, ಪರೀಕ್ಷೆ ಮುಗಿದ ಮೇಲೆ ಶನಿವಾರ ಹೇಳ್ಬೇಕಿತ್ತು. ಇವತ್ತು ಹೇಳಿದ್ರಲ್ಲ! ಈಗ ನಾನು ಸುಮ್ನಿದ್ರೆ ಕಳ್ಳಿ ನಾನಾಗ್ತೀನಿ.”

ಅವಳು ಮಾಲಿಂಫೊ ಕೈಯಿಂದ ಪುಸ್ತಕ ಕಿತ್ತುಕೊಂಡು ಪ್ರೊಫೆಸರ ಕಡೆ ನಡೆದಳು. ಮಾಲಿಂಫೊ ಕಂಬಳಿ ಸರಿಮಾಡಿಕೊಳ್ಳುವುದನ್ನೂ ಬಿಟ್ಟು ಅವಳ ಹಿಂದೆ ಧಾವಿಸಿ, ಹುಡುಗಿ ಬಾಯಿ ತೆರೆಯುವ ಮುಂಚೆಯೇ, ಹದಿನಾಲ್ಕು ಜನರ ಎದುರು ಅದೇ ಮಾತನ್ನು ಮತ್ತೆ ಹೇಳಿದಳು. ಫೋಕಾ ಟಿಕೆಟ್ ಪುಸ್ತಕ ಹಿಡಿದು ಎದ್ದು ನಿಂತ.

ಪ್ರೊಫೆಸರು ಮತ್ತೆ ಬಂಡೆ ಹತ್ತಿದರು. ನೀರು ಒರೆಸಿ, ಭೂತಗನ್ನಡಿ ಹಿಡಿದು, ಗುಳಿಯ ಗೋಡೆಯನ್ನು ತುಂಬ ಹೊತ್ತು ನೋಡಿದರು. ಹೆಜ್ಜೆಯ ನಡುಬೆರಳಿನ ತುದಿಯಲ್ಲಿ ಉಳಿಯ ಮೂರು ಗೀರು ಉಳಿದಿದ್ದವು.

“ನಾನೂ ಮುಟ್ಟಿ ನೋಡಿದ್ದೆ” ಎಂದರು ಅವರು. ಹೇಳಿದ್ದು ನ್ಯಾಕಲ್ಲೊಗೆ. ಮಾಲಿಂಫೊ ಕಡೆ ತಿರುಗಿ, “ಬೇರೆ ಯಾವುದಾದರೂ ಇದೆಯಾ ಮ್ಮೆ?” ಎಂದು ಕೇಳಿದರು. ಮಕ್ಕಳನ್ನು ಕೇಳುವಂತೆ ಮೆತ್ತಗೆ ಕೇಳಿದರು. ಬೈದಿದ್ದರೆ ಅವಳಿಗೆ ಅಷ್ಟು ಚುಚ್ಚುತ್ತಿರಲಿಲ್ಲ.

“ಇಲ್ಲ. ಅದೊಂದೇ ಖಾಲಿ ಇದ್ದದ್ದು” ಎಂದಳು.

ಅವರು ನಂಬಿದರೋ ಇಲ್ಲವೋ ಗೊತ್ತಾಗಲಿಲ್ಲ. ಎಲ್ಲ ಇಪ್ಪತ್ತೆರಡನ್ನೂ ಮೊದಲಿನಿಂದ ಪರೀಕ್ಷಿಸಬೇಕಾಗುತ್ತದೆ ಎಂದು ವಿದ್ಯಾರ್ಥಿಗಳಿಗೆ ಹೇಳಿದರು. ಬಸ್ಸು ಹೊರಟಾಗ ನ್ಯಾಕಲ್ಲೊ ಕಿಟಕಿಯ ಪಕ್ಕವೇ ಕೂತಿದ್ದಳು. ನದಿಯ ಕಡೆ ನೋಡುತ್ತಿದ್ದಳು.

ಶುಕ್ರವಾರದ ಪರೀಕ್ಷೆ ನಡೆಯಲಿಲ್ಲ. ನ್ಯಾಕಲ್ಲೊಗೆ ಪದವಿ ಒಂದು ವರ್ಷ ತಡವಾಗಿ ಸಿಗುತ್ತದೆ. ಊರಿನ ಸಮಿತಿ ನವೆಂಬರಿನಲ್ಲಿ ಸೇರಿ ಮಾಲಿಂಫೊ ವಿಷಯ ತೀರ್ಮಾನಿಸುತ್ತದೆ. ಅಲ್ಲಿಯವರೆಗೆ ಬಂದವರಿಗೆ ಫೋಕಾನೇ ಹೆಜ್ಜೆ ತೋರಿಸುತ್ತಾನೆ. ಮತ್ತೆ ಅಳೆಯಲು ನ್ಯಾಕಲ್ಲೊ ಅಕ್ಟೋಬರ್ ಎರಡನೆಯ ವಾರ ಬರುತ್ತಾಳೆ, ಈ ಸಲ ಶಾಲೆಯ ಅಡುಗೆಯವಳ ಮನೆಯಲ್ಲಿ ಉಳಿಯುತ್ತಾಳೆ.