ಸಂತೋಷಕ್ಕೆ ಕೇಳಿದ್ದು

ಟಿಪ್ಸ್ ಅಂದರೆ ನನಗೆ ಮೊದಲಿನಿಂದಲೂ ಮೈಯೆಲ್ಲ ಉರಿ. ಮದುವೆಯಾಗಿ ಮೈಸೂರಿನಿಂದ ಚೆನ್ನೈನ ಮೈಲಾಪೂರಿಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಇಲ್ಲಿಯ ಬಿಸಿಲು ಒಗ್ಗಿತು, ಉಪ್ಪುನೀರು ಒಗ್ಗಿತು, ಇದೊಂದು ಮಾತ್ರ ಒಗ್ಗಲಿಲ್ಲ. ಗ್ಯಾಸ್ ಸಿಲಿಂಡರ್ ತರುವವನು ಬಿಲ್ಲಿನ ಮೇಲೆ ಐವತ್ತು ಸೇರಿಸಿಯೇ ಲೆಕ್ಕ ಹೇಳುತ್ತಾನೆ. ಹೋಟೆಲಿನಲ್ಲಿ ಚಿಲ್ಲರೆ ತರುವವನು ಬೇಕೂಂತಲೇ ಎಲ್ಲ ಹತ್ತರ ನೋಟು ತಂದಿಟ್ಟು, ಸೋಂಪಿನ ತಟ್ಟೆ ಮುಂದಕ್ಕೆ ತಳ್ಳಿ, ಫ್ಯಾನು ನೋಡುತ್ತಾ ಅಲ್ಲೇ ನಿಂತುಬಿಡುತ್ತಾನೆ. ವರ್ಷವಿಡೀ ನನ್ನ ಮುಖ ಕಂಡರೂ ಕಾಣದ ಹಾಗೆ ಕೂತಿರುವ ವಾಚ್‌ಮನ್, ದೀಪಾವಳಿಗೆ ಹದಿನೈದು ದಿನ ಇದೆ ಅನ್ನುವಾಗ ಎದ್ದು ಸಲ್ಯೂಟ್ ಹೊಡೆಯೋಕೆ ಶುರುಮಾಡುತ್ತಾನೆ. ಅಲ್ಲಾ, ಮಾಡೋ ಕೆಲಸಕ್ಕೆ ಸಂಬಳ ಅಂತ ಒಂದು ಇದೆಯೋ ಇಲ್ಲವೋ? ನಾನೂ ಬ್ಯಾಂಕಿನ ಕೌಂಟರಿನಲ್ಲಿ ಸವೆದವಳೇ. "ಮೇಡಂ, ನೋಟು ಎಷ್ಟು ಚೆನ್ನಾಗಿ ಎಣಿಸಿದಿರಿ, ತಗೊಳ್ಳಿ ಕಾಫಿಗೆ" ಅಂತ ಒಬ್ಬರಾದರೂ ಕೊಟ್ಟರಾ? ಕೊಟ್ಟಿದ್ದರೆ ನಾನು ಇಸಕೊಳ್ಳುತ್ತಿದ್ದೆನಾ?

ನನ್ನ ಯಜಮಾನರದು ಬೇರೆಯೇ ದಾರಿ. ನಾನು ಮುಂದೆ ನಡೆದ ಮೇಲೆ "ಕನ್ನಡಕ ಬಿಟ್ಟೆ" ಅಂತ ವಾಪಸು ಹೋಗುತ್ತಾರೆ. ಕನ್ನಡಕ ಮೂಗಿನ ಮೇಲೇ ಇರುತ್ತದೆ. ನಾನು ನೋಡಿಯೂ ನೋಡದ ಹಾಗೆ ಇದ್ದು, ಆಟೋದಲ್ಲಿ ಕೂತ ಮೇಲೆ ಬೈಯುತ್ತೇನೆ.

ಹೋದ ಬೇಸಿಗೆಯಲ್ಲಿ ಮಗಳ ಹೆರಿಗೆ. ಅವಳು ಪೆರುಂಗುಡಿಯ ಆಫೀಸಿಗೆ ಕೊನೇ ದಿನದವರೆಗೂ ಹೋಗುತ್ತೇನೆ ಅಂತ ಹಟ ಹಿಡಿದಿದ್ದಳು, ಮಗು ಎರಡು ವಾರ ಮೊದಲೇ ಹೊರಟುಬಿಟ್ಟಿತು. ಅಳಿಯ ಕೆಲಸದ ಮೇಲೆ ದೆಹಲಿಯಲ್ಲಿದ್ದ. ಮನೆ ಹತ್ತಿರದ ಒಂದು ಹಳೇ ಆಸ್ಪತ್ರೆಗೆ ನಾವಿಬ್ಬರೇ ಓಡಿದೆವು. ಆಪರೇಷನ್ನೇ ಆಗಬೇಕು ಅಂದರು. ಬೆಳಿಗ್ಗೆ ಹತ್ತಕ್ಕೆ ಒಳಗೆ ಕರಕೊಂಡು ಹೋದರು. ಯಜಮಾನರು ಔಷಧಿ ತರೋಕೆ ಕೆಳಗೆ ಹೋಗಿದ್ದಾಗ ಬಾಗಿಲು ತೆರೆಯಿತು.

ಹೊರಗೆ ಬಂದವಳು ಒಬ್ಬ ಆಯಾ. ನನ್ನದೇ ವಯಸ್ಸು, ನೀಲಿ ಸೀರೆ, ಕೈಯಲ್ಲಿ ಬಿಳಿ ಬಟ್ಟೆಯ ಗಂಟು, ಗಂಟಿನೊಳಗೆ ಕೆಂಪು ಮುಖ. ನಾನು ಎರಡೂ ಕೈ ಚಾಚಿದರೆ ಆಕೆ ಮಗುವನ್ನು ತೋರಿಸಿದಳೇ ಹೊರತು ಕೊಡಲಿಲ್ಲ. "ಸಂತೋಷಮಾ ಏದಾವದು ಕುಡುಂಗಮ್ಮಾ" ಅಂದಳು. ಸಂತೋಷವಾಗಿ ಏನಾದರೂ ಕೊಡಿ ಅಂತ. ನನ್ನ ಕಣ್ಣಲ್ಲಿ ಆಗಲೇ ನೀರು ತುಂಬಿತ್ತು, ಪರ್ಸಿಗೂ ಕೈ ಹಾಕಿದ್ದೆ, ಅದು ಸುಳ್ಳಲ್ಲ. ಆದರೆ ಆಕೆ ಮುಂದುವರಿಸಿದಳು: "ಹೆಣ್ಣು ಮಗು ಅಲ್ವಾ, ಐನೂರು ಕೊಡಿ ಸಾಕು. ಗಂಡಾಗಿದ್ದರೆ ಸಾವಿರ ಕೇಳ್ತಿದ್ದೆ."

ನನ್ನ ಪಿತ್ತ ನೆತ್ತಿಗೇರಿತು. ನನ್ನ ಮೊಮ್ಮಗಳಿಗೆ ಡಿಸ್ಕೌಂಟಾ! ಹುಟ್ಟಿ ಅರ್ಧ ಗಂಟೆಯಾಗಿಲ್ಲ, ಆಗಲೇ ಅರ್ಧ ರೇಟಾ! ಪರ್ಸು ಮುಚ್ಚಿದೆ. ಗೋಡೆಯ ಮೇಲೆ ದೊಡ್ಡದಾಗಿ ಬೋರ್ಡಿತ್ತು, ಸಿಬ್ಬಂದಿಗೆ ಹಣ ಕೊಡಬೇಡಿ, ಕೇಳಿದರೆ ನಮಗೆ ತಿಳಿಸಿ ಅಂತ. ಬ್ಯಾಂಕಿನಲ್ಲಿ ಪಳಗಿದವಳಿಗೆ ಬೋರ್ಡು ಅಂದರೆ ರೂಲು. ಆಕೆಗೆ ಆ ಬೋರ್ಡು ತೋರಿಸಿ ಮಗುವನ್ನು ಇಸಕೊಂಡೆ. ಮಧ್ಯಾಹ್ನ ಮಗಳು ನಿದ್ದೆ ಹೋದಾಗ ಕೂತು ಒಂದು ಪುಟದ ದೂರು ಬರೆದೆ. ಜಾಗ, ಹೊತ್ತು, ಕೇಳಿದ ಮೊತ್ತ, ಆಕೆಯ ಎಡಗೈ ಮೇಲಿನ ಹಚ್ಚೆ, ಹೆಣ್ಣು ಗಂಡಿನ ಭೇದ, ಒಂದೂ ಬಿಡಲಿಲ್ಲ. ಓದಿ ನೋಡಿ ನನಗೇ ನನ್ನ ಬರವಣಿಗೆ ಮೆಚ್ಚುಗೆಯಾಯಿತು. ಯಜಮಾನರು "ಬೇಡ ಬಿಡೇ, ಮಗು ಹುಟ್ಟಿದ ದಿನ" ಅಂದರು. ಕೇಳಲಿಲ್ಲ. ಆಸ್ಪತ್ರೆಯ ಮ್ಯಾನೇಜರ ಮೇಜಿನ ಮೇಲೆ ಇಟ್ಟು ಬಂದೆ.

ಮಗು ಹಾಲು ಕುಡಿಯಲಿಲ್ಲ.

ಮೊದಲ ದಿನ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮೊದಲೇ ಹುಟ್ಟಿದ ಮಗು, ನಿದ್ದೆ ಜಾಸ್ತಿ, ಕಲಿಯುತ್ತೆ ಅಂದರು. ಎರಡನೇ ದಿನವೂ ಅದೇ ಕಥೆ. ಎದೆ ಹತ್ತಿರ ತಂದರೆ ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ ಅಳುತ್ತಿತ್ತು, ಅತ್ತೂ ಅತ್ತೂ ಹಾಗೇ ನಿದ್ದೆ ಹೋಗುತ್ತಿತ್ತು. ನರ್ಸ್ ಹುಡುಗಿಯರು ಪಾಳಿಯಲ್ಲಿ ಬಂದು ಮಗುವಿನ ತಲೆ ಹಿಡಿದು ಒತ್ತಿದರು. ಒಬ್ಬಳು ಮೊಬೈಲಿನಲ್ಲಿ ವಿಡಿಯೋ ತೋರಿಸಿದಳು. ಹಿಂಡಿದ ಹಾಲನ್ನು ಒಳಲೆಯಲ್ಲಿ ಹಾಕಿದರೆ ತುಟಿಯ ಪಕ್ಕದಲ್ಲಿ ಸೋರಿಹೋಗುತ್ತಿತ್ತು. ಸಕ್ಕರೆ ನೋಡಬೇಕು ಅಂತ ಗಂಟೆಗಂಟೆಗೂ ಆ ಕಡಲೆಕಾಳಿನಂಥ ಹಿಮ್ಮಡಿಗೆ ಸೂಜಿ ಚುಚ್ಚುತ್ತಿದ್ದರು. ಮೂರನೇ ದಿನ ಬೆಳಿಗ್ಗೆ ತೂಕ ಹಾಕಿದ ಡಾಕ್ಟರಮ್ಮ ಮುಖ ಗಂಟುಹಾಕಿದರು. "ಸಂಜೆಯೊಳಗೆ ಕುಡಿಯದಿದ್ದರೆ ನರ್ಸರಿಗೆ ಹಾಕಿ ಮೂಗಿಗೆ ಟ್ಯೂಬ್ ಇಡ್ತೀವಿ" ಅಂದು ಹೋದರು. ಮಗಳು ಸಣ್ಣವಳಿದ್ದಾಗಿನಿಂದ ನನಗೆ ಉತ್ತರ ಕೊಡೋದು ತಮಿಳಿನಲ್ಲೇ. ಆವತ್ತು ಯಾವ ಭಾಷೆಯೂ ಇಲ್ಲ, ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಸದ್ದಿಲ್ಲದೆ ಅಳುತ್ತಿದ್ದಳು.

ಕಾರಿಡಾರಿನಲ್ಲಿ ವಾರ್ಡಿನ ದೊಡ್ಡ ಸಿಸ್ಟರನ್ನು ಹಿಡಿದುಕೊಂಡೆ. ಏನಾದರೂ ಮಾಡಿ ಸಿಸ್ಟರ್ ಅಂತ ಹೆಚ್ಚುಕಡಿಮೆ ಕಾಲಿಗೆ ಬಿದ್ದೆ. ಅವರು ಪಾಪ, ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ನಮ್ಮ ಆಯಾ ಇದ್ದಿದ್ದರೆ ಇಷ್ಟು ಹೊತ್ತಿಗೆ ಕುಡಿಸಿಬಿಡ್ತಿದ್ದರು. ಎಂಥೆಂಥ ಮಕ್ಕಳಿಗೆ ಎದೆ ಹಿಡಿಸಿದ ಕೈ ಅದು. ಯಾರೋ ದೂರು ಬರೆದುಬಿಟ್ಟರಂತೆ, ವಿಚಾರಣೆ ಮುಗಿಯೋ ತನಕ ವಾರ್ಡಿಗೆ ಕಾಲಿಡಬಾರದು ಅಂತ ಹೇಳಿ ಬಟ್ಟೆ ಒಗೆಯೋ ಕಡೆ ಹಾಕಿದ್ದಾರೆ. ಮೇಲೆ ಟೆರೇಸಲ್ಲಿ ಇರಬೇಕು."

ಯಾರೋ! ಅಯ್ಯೋ ರಾಮ, ಆ ಯಾರೋ ಅವರ ಮುಂದೆಯೇ ನಿಂತಿದ್ದಳು. ನನಗೆ ಆ ಕ್ಷಣ ನೆಲ ಬಿರಿದು ನುಂಗಿಕೊಂಡಿದ್ದರೂ ಬೇಡ ಅನ್ನುತ್ತಿರಲಿಲ್ಲ.

ಟೆರೇಸಿಗೆ ಮೂರು ಮಹಡಿ. ಮಂಡಿನೋವು ಅಂತ ಮನೆಯಲ್ಲಿ ಅಟ್ಟದ ಡಬ್ಬ ಕೂಡ ಇಳಿಸದವಳು ಹೇಗೆ ಹತ್ತಿದೆನೋ ಗೊತ್ತಿಲ್ಲ. ದಾರಿಯುದ್ದಕ್ಕೂ ಕ್ಷಮಾಪಣೆಯ ಮಾತು ಜೋಡಿಸಿದೆ, ಬಿಚ್ಚಿದೆ, ಮತ್ತೆ ಜೋಡಿಸಿದೆ. ಮೇಲೆ ಮಟಮಟ ಮಧ್ಯಾಹ್ನದ ಬಿಸಿಲು, ಹಗ್ಗದ ತುಂಬ ಆಸ್ಪತ್ರೆಯ ಬೆಡ್‌ಶೀಟು. ಆಕೆ ಒಣಗಿದ್ದನ್ನು ಎಳೆದು ಮಡಚುತ್ತಿದ್ದಳು. ನನ್ನನ್ನು ನೋಡಿದಳು. ಗುರುತು ಹಿಡಿದಳು, ಅದು ಕಣ್ಣಲ್ಲೇ ಗೊತ್ತಾಯಿತು. ನಾನು ಜೋಡಿಸಿಟ್ಟ ಮಾತೆಲ್ಲ ಎಲ್ಲಿ ಹೋಯಿತೋ, "ಪಾಪು ಕುಡೀತಿಲ್ಲ" ಅನ್ನೋದೊಂದೇ ಹೊರಗೆ ಬಂತು.

"ಎಷ್ಟು ಹೊತ್ತಿಂದ?" ಅಂತ ಕೇಳಿದಳು. ಆಕೆ ಆಡಿದ್ದು ತಮಿಳೇ, ನಾನು ನಮ್ಮ ಮಾತಲ್ಲಿ ಹೇಳುತ್ತಿದ್ದೇನೆ.

"ಹುಟ್ಟಿದಾಗಿನಿಂದಲೂ ಸರಿಯಾಗಿ ಕುಡಿದಿಲ್ಲ."

"ಉಚ್ಚೆ ಹೊಯ್ದಿದೆಯಾ?"

"ಬೆಳಿಗ್ಗೆ ಒಂದು ಸಲ. ಸ್ವಲ್ಪ."

ಮಡಚುತ್ತಿದ್ದ ಬೆಡ್‌ಶೀಟನ್ನು ಹಾಗೇ ಬುಟ್ಟಿಗೆ ಎಸೆದು ಮೆಟ್ಟಿಲ ಕಡೆ ನಡೆದಳು. ನಾನು ಹಿಂದೆ ಹಿಂದೆ ಓಡುತ್ತಾ ಪರ್ಸಿನ ಜಿಪ್ಪು ಎಳೆದೆ. ಎಷ್ಟು ದಡ್ಡಿ ನೋಡಿ, ಜನ್ಮವಿಡೀ ಬಿಚ್ಚದ ಪರ್ಸನ್ನು ಬಿಚ್ಚೋಕೆ ಅದೇ ಹೊತ್ತು ಸಿಕ್ಕಿತು. ಆಕೆ ತಿರುಗಿ ಸಹ ನೋಡಲಿಲ್ಲ. "ಅದನ್ನ ಒಳಗಿಡಿಯಮ್ಮ. ಮೆಟ್ಟಿಲು ನೋಡಿಕೊಂಡು ಇಳೀರಿ" ಅಂದಳು.

ವಾರ್ಡಿನ ಬಾಗಿಲಲ್ಲಿ ದೊಡ್ಡ ಸಿಸ್ಟರ್ ನಮ್ಮಿಬ್ಬರನ್ನೂ ನೋಡಿ, ಏನೋ ರಿಜಿಸ್ಟರ್ ಹುಡುಕುವವರ ಹಾಗೆ ಆ ಕಡೆ ತಿರುಗಿಕೊಂಡರು.

ಇನ್ನು ನಾನು ಹೇಳೋದನ್ನು ಕಣ್ಣಾರೆ ಕಂಡಿದ್ದೇನೆ, ಆದರೂ ನನಗೇ ನಂಬೋಕೆ ಕಷ್ಟ. ಆಕೆ ಬಂದ ಕೂಡಲೇ ಮಗುವಿನ ಹತ್ತಿರ ಹೋಗಲಿಲ್ಲ. ಮೊಣಕೈವರೆಗೂ ಕೈ ತೊಳೆದು, ಅಂಗೈ ಒಂದಕ್ಕೊಂದು ಉಜ್ಜಿ ಬಿಸಿ ಮಾಡಿಕೊಂಡು, ಮೊದಲು ಮಗಳ ಹತ್ತಿರ ಹೋದಳು. ಹಣೆಯ ಮೇಲಿನ ಕೂದಲು ಹಿಂದಕ್ಕೆ ಸರಿಸಿದಳು. ಕಿವಿಯವರೆಗೂ ಏರಿದ್ದ ಅವಳ ಭುಜಗಳನ್ನು ಎರಡೂ ಕೈಯಿಂದ ಇಳಿಸಿದಳು, ಕಪಾಟಿನ ಮೇಲಿಂದ ಏನೋ ಇಳಿಸಿಡುವ ಹಾಗೆ. ಹೊಲಿಗೆ ನೋಯದಂತೆ ಪಕ್ಕಕ್ಕೆ ಹೊರಳಿಸಿ, ಬೆನ್ನಿಗೊಂದು, ಮಂಡಿ ಮಧ್ಯಕ್ಕೊಂದು ದಿಂಬು ಕೊಟ್ಟಳು. "ನಿನ್ನಲ್ಲಿ ತಪ್ಪೇನೂ ಇಲ್ಲ ಕಣಮ್ಮ. ಇಬ್ಬರೂ ಹೊಸಬರು, ಅಷ್ಟೇ" ಅಂದಳು. ಮೂರು ದಿನದಿಂದ ಆ ಕೋಣೆಗೆ ಬಂದು ಹೋದವರಲ್ಲಿ ಯಾರೂ, ನಾನು ಸೇರಿ, ಅವಳಿಗೆ ಆ ಮಾತು ಹೇಳಿರಲಿಲ್ಲ.

ನಾನು ತಲೆದಿಂಬಿನ ಹತ್ತಿರವೇ ಬಗ್ಗಿ ನಿಂತಿದ್ದೆ. ಆಕೆ ನನ್ನನ್ನು ಕಿಟಕಿ ಹತ್ತಿರ ಕಳಿಸಿದಳು. "ನೀವು ಉಸಿರುಗಟ್ಟಿ ನಿಂತರೆ ಅವಳಿಗೂ ಉಸಿರು ಕಟ್ಟುತ್ತೆ." ನಾನು ಕಿಟಕಿ ಹತ್ತಿರ ಹೋಗಿ ನಿಂತೆ. ಬ್ಯಾಂಕಿನ ಮೂವತ್ತು ವರ್ಷದಲ್ಲಿ ಯಾವ ಮ್ಯಾನೇಜರ ಮಾತನ್ನೂ ಅಷ್ಟು ಬೇಗ ಕೇಳಿದವಳಲ್ಲ ನಾನು.

ಆಮೇಲೆ ಮಗು. ಟೋಪಿ ತೆಗೆದಳು, ಕೈಗವಸು ತೆಗೆದಳು, ಸುತ್ತಿದ್ದ ಬಟ್ಟೆಯೆಲ್ಲ ಬಿಚ್ಚಿದಳು. ಮಗು ಎಚ್ಚರಾಗಿ ಮುಲುಗುಟ್ಟಿತು. ಅದನ್ನು ಹಾಗೇ ಬರಿ ಮೈಯಲ್ಲಿ ತಾಯಿಯ ಎದೆಗೆ ಆನಿಸಿ, ಮೇಲೊಂದು ಸೀರೆಯ ತುಂಡು ಹೊದಿಸಿ, ಸುಮ್ಮನೆ ಕೂತಳು. ಏನೂ ಮಾಡಲಿಲ್ಲ! ನನಗೋ ಒಳಗೊಳಗೇ ಚಡಪಡಿಕೆ. ತಲೆ ಹಿಡಿದು ಸ್ವಲ್ಪ ಹತ್ತಿರ ತರಬಾರದಾ ಅಂತ ಕೇಳಿಯೇಬಿಟ್ಟೆ. ಆಕೆ ನಕ್ಕಳು. "ನಿಮ್ಮ ತಲೆ ಹಿಡಿದು ಊಟದ ಎಲೆಗೆ ಒತ್ತಿದರೆ ನೀವು ಉಣ್ಣುತ್ತೀರಾ?"

ಸ್ವಲ್ಪ ಹೊತ್ತಿಗೆ ಮಗು ತಾನಾಗಿ ತಲೆ ಆಡಿಸಿತು. ಮೂಗಿನಿಂದ ಅಲ್ಲಿ ಇಲ್ಲಿ ಹುಡುಕಿತು. ಆಕೆ ಒಂದು ಬೆರಳಿನಿಂದ ಬೆನ್ನ ಮಧ್ಯೆ ಮೆಲ್ಲಗೆ ಗೀರಿದಳು, ಮಗುವಿನ ಕಣ್ಣು ಪೂರಾ ತೆರೆಯಿತು. ಮಗಳ ಎದೆಯಿಂದ ಒಂದೇ ಒಂದು ತೊಟ್ಟು ಹಾಲು ತೆಗೆದು ಮಗುವಿನ ಮೇಲ್ದುಟಿಗೆ ಮುಟ್ಟಿಸಿದಳು. ಕಾದಳು. ಮಗು ಬಾಯಿ ತೆರೆಯಿತು, ಆಕೆ ಅಲುಗಲಿಲ್ಲ. ಇನ್ನೊಮ್ಮೆ ತೆರೆಯಿತು, ಆಗಲೂ ಇಲ್ಲ. ಮೂರನೇ ಸಲ ಆಕಳಿಸುವ ಹಾಗೆ ಇಷ್ಟಗಲ ತೆರೆದಾಗ ಎರಡು ಬೆರಳಲ್ಲಿ ಮಗುವಿನ ಬೆನ್ನನ್ನು ಒಂದಿಷ್ಟೇ ಇಷ್ಟು ಮುಂದಕ್ಕೆ ತಂದಳು. ತಲೆ ಮುಟ್ಟಲೇ ಇಲ್ಲ. ಮೊದಲು ಗಲ್ಲ ತಾಗಿತು, ಆಮೇಲೆ ಬಾಯಿ.

ಹಿಡಿಯಿತು.

ಮೊದಲು ಚುರುಕು ಚುರುಕಾಗಿ ಚೀಪಿತು. ಆಮೇಲೆ ಒಂದು ಕ್ಷಣ ನಿಂತಿತು, ನನ್ನ ಎದೆಯೂ ಅದರ ಜೊತೆ ನಿಂತಿತು. ಆಮೇಲೆ ಆ ಸದ್ದು ಬಂತು, ಕುಳುಕ್ ಅಂತ. ಮತ್ತೊಂದು ಕುಳುಕ್. ಇಷ್ಟು ದೊಡ್ಡ ಊರಿನಲ್ಲಿ, ಕೆಳಗೆ ಬಸ್ಸು ಆಟೋ ಬಾಯಿಬಡಿದುಕೊಳ್ಳುತ್ತಿರುವಾಗ, ಆ ಸಣ್ಣ ಗಂಟಲಿನ ಸದ್ದು ನನಗೆ ಕಿಟಕಿ ಹತ್ತಿರದವರೆಗೂ ಕೇಳಿಸುತ್ತಿತ್ತು. ಮಗಳು "ಅಮ್ಮಾ, ಕುಡಿಕ್ಕರಾ" ಅಂದಳು, ಕುಡೀತಿದಾಳೆ ಅಂತ. ಅವಳ ಕಣ್ಣಿಂದ ನೀರು ಸುರಿಯುತ್ತಲೇ ಇತ್ತು. ನಾನು ಮಾತ್ರ ಆ ಎರಡು ಬೆರಳನ್ನೇ ನೋಡುತ್ತಿದ್ದೆ. ಒಗೆಯುವ ಸೋಪಿಗೆ ಸುಕ್ಕಾದ, ಉಗುರು ಸವೆದ ಬೆರಳು. ದೇವಸ್ಥಾನದಲ್ಲಿ ನಿಂತಾಗಲೂ ಮನೆಯ ಹಾಲು ಉಕ್ಕುತ್ತದೇನೋ ಅಂತ ಯೋಚಿಸುವ ಹೆಂಗಸು ನಾನು. ಆ ಹೊತ್ತು ನನಗೆ ಬೇರೆ ಏನೂ ತೋಚಲಿಲ್ಲ, ಎರಡೂ ಕೈ ತಾನಾಗಿಯೇ ಎದೆಯ ಹತ್ತಿರ ಸೇರಿದ್ದವು.

ಆಗಲೇ ಮ್ಯಾನೇಜರು ಬಾಗಿಲು ತಳ್ಳಿಕೊಂಡು ಬಂದರು. ಕೈಯಲ್ಲಿ ಫೈಲು, ಅದರ ಮೇಲೆ ನಾನು ಬರೆದ ಪುಟ. ವಿಚಾರಣೆಗೆ ನನ್ನ ಸಹಿ ಇನ್ನೊಂದು ಬೇಕಿತ್ತಂತೆ. ಆಯಾಳನ್ನು ಕಂಡದ್ದೇ ಅವರ ಮುಖ ಕೆಂಪಾಯಿತು. "ನೀನು ಇಲ್ಲೇನು ಮಾಡ್ತಿದೀಯ? ಒಳಗೆ ಬಿಟ್ಟವರು ಯಾರು? ಇವತ್ತೇ ಲೆಕ್ಕ ಮುಗಿಸಿ ಮನೆಗೆ ಕಳಿಸ್ತೀನಿ ನೋಡು."

"ನಾನು ಕರಕೊಂಡು ಬಂದದ್ದು" ಅಂದೆ. "ಸಾರ್, ಆ ಪತ್ರ ಸುಳ್ಳು. ಇವರು ನನ್ನನ್ನ ಏನೂ ಕೇಳಲಿಲ್ಲ." ಒಂದು ಪೈಸೆಗೂ ಸುಳ್ಳು ವೋಚರಿಗೆ ಸಹಿ ಹಾಕದವಳು, ಮಗಳು ಕೇಳುತ್ತಿರುವಾಗಲೇ ರಾಜಾರೋಷವಾಗಿ ಸುಳ್ಳು ಹೇಳಿದೆ.

ಆಯಾ ಮಗುವಿನ ಮೇಲಿನ ಕಣ್ಣು ತೆಗೆಯದೆಯೇ ಬಾಯಿಬಿಟ್ಟಳು. "ಸುಳ್ಳು ಹೇಳಬೇಡಿಯಮ್ಮ, ಮೊಮ್ಮಗು ಇರೋ ಕಡೆ. ಕೇಳಿದೆ ಸಾರ್. ಮಗು ಹುಟ್ಟಿದ ಸಂತೋಷಕ್ಕೆ ಎಲ್ಲರನ್ನೂ ಕೇಳ್ತೀನಿ, ಇವರನ್ನೂ ಕೇಳಿದೆ. ಆದರೆ ಹಾಲು ಕುಡಿಸೋಕೆ ಅಂತ ಇವತ್ತಿನವರೆಗೂ ಒಬ್ಬರನ್ನೂ ಕೇಳಿಲ್ಲ. ಮೆಲ್ಲಗೆ ಮಾತಾಡಿ."

ಕೋಣೆಯಲ್ಲಿ ಕುಳುಕ್ ಕುಳುಕ್ ಒಂದೇ. ಮ್ಯಾನೇಜರಿಗೂ ಮೂರು ದಿನದಿಂದ ಈ ಮಗುವಿನ ವಿಷಯ ಗೊತ್ತಿತ್ತು. ಮಂಚದ ಕಡೆ ನೋಡಿದರು, ಆಮೇಲೆ ನನ್ನ ಕಡೆ.

"ಕೇಳಿದ್ದು ನಿಜ" ಅಂತ ಪಿಸುಗುಟ್ಟಿದೆ. "ಕೊಡದೆ ಹೋದದ್ದು ನಾನು. ಅದನ್ನ ಹರಿದುಹಾಕಿ ಸಾರ್, ದಮ್ಮಯ್ಯ."

ಅವರು ಫೈಲಿನಿಂದ ಆ ಪುಟ ತೆಗೆದು ಎರಡೂ ಕೈಯಲ್ಲಿ ಹಿಡಿದರು. ಆಯಾ ಕೂತಲ್ಲಿಂದಲೇ ಒಂದು ಬೆರಳೆತ್ತಿದಳು.

"ಹೊರಗೆ ಹೋಗಿ ಹರೀರಿ ಸಾರ್. ಸದ್ದಿಗೆ ಪಾಪು ಬಾಯಿ ಬಿಟ್ಟುಬಿಡುತ್ತೆ."

ಮ್ಯಾನೇಜರು ತುದಿಗಾಲಿನಲ್ಲಿ ಹೊರಗೆ ಹೋದರು.