ಕಿಟಕಿಯಮ್ಮ ಸಹಿ ಹಾಕಲಿಲ್ಲ

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಕಿಟಕಿಯಮ್ಮ ಎನ್ನುತ್ತಿದ್ದರು. ಮುಷ್ಟಿಗಾತ್ರದ ಉಕ್ಕಿನ ಪಾತ್ರೆ, ಅದಕ್ಕೆ ದಪ್ಪ ಗಾಜಿನ ಪುಟ್ಟ ಕಿಟಕಿ. ಅದಕ್ಕೆ ಕಣ್ಣಿಟ್ಟೇ ಅವಳ ಅರ್ಧ ಆಯುಷ್ಯ ಕಳೆದಿತ್ತು. ಒಳಗೆ ಇಂಗಾಲದ ಡೈಆಕ್ಸೈಡನ್ನು ಬಿಸಿ ಮಾಡಿ, ಅದುಮಿ ಅದುಮಿ, ಅತ್ತ ದ್ರವವೂ ಅಲ್ಲ ಇತ್ತ ಅನಿಲವೂ ಅಲ್ಲ ಎನ್ನುವ ಸ್ಥಿತಿಗೆ ತರಬೇಕು. ಅದರಲ್ಲೇ ಪ್ಲಾಸ್ಟಿಕ್ ಹುಟ್ಟಬೇಕು. ಹುಟ್ಟಿದ್ದು ಎಷ್ಟು ಅನಿಲ ಹೀರಿ ಉಬ್ಬುತ್ತದೆ, ಒತ್ತಡ ಎಲ್ಲಿಗಿಳಿದರೆ ಕರಗಿದ್ದು ಬೇರ್ಪಟ್ಟು ಮಬ್ಬಾಗುತ್ತದೆ ಎಂದು ಅಳೆಯುವುದು ಅವಳ ಕೆಲಸ.

ಆ ಸಲ ಮಬ್ಬು ಬೇಗ ಬಂತು. ಒತ್ತಡ ಇನ್ನೂ ಸಾಕಷ್ಟು ಮೇಲಿರುವಾಗಲೇ ಕಿಟಕಿ ಹಾಲಿನಂತೆ ಬೆಳ್ಳಗಾಯಿತು. ಮತ್ತೆ ಮತ್ತೆ ಮಾಡಿದಳು; ಅದೇ ಹಾಡು. ಸುದ್ದಿ ಕೇಳಿದ್ದೇ ಪ್ರಯೋಗಾಲಯದ ಮುಖ್ಯಸ್ಥ ಅವಳನ್ನು ತನ್ನ ಕೋಣೆಗೆ ಕರೆಸಿದ. ಕಡಿಮೆ ಒತ್ತಡ ಸಾಕೆಂದು ಅವನು ಸಭೆಯಲ್ಲಿ ಡಂಗುರ ಸಾರಿ, ಹೆಚ್ಚು ಮಾಲು ತಯಾರಿಸುವ ದೊಡ್ಡ ಪಾತ್ರೆಯನ್ನೂ ಅದೇ ಲೆಕ್ಕಕ್ಕೆ ಮಾಡಿಸಲು ಹೇಳಿಬಿಟ್ಟಿದ್ದ. ಅವಳೂ ಅವನೂ ಒಂದೇ ತರಗತಿಯಲ್ಲಿ ಓದಿದವರು.

“ತಿಳಿಯಾಗೇ ಇತ್ತು ಅಂತ ಬರೆದು ಸಹಿ ಹಾಕು. ಯಾರಪ್ಪನ ಗಂಟು ಹೋಗುತ್ತೆ?” ಎಂದ.

“ಬಾ, ನೀನೇ ನೋಡು. ನೋಡಿ ನೀನೇ ಬರಿ.”

ಅವನು ನೋಡಲು ಬರಲಿಲ್ಲ. ಮರುದಿನವೇ ಅವಳನ್ನು ಗಾಜಿನ ಸಾಮಾನಿನ ಉಗ್ರಾಣಕ್ಕೆ ಎತ್ತಿಹಾಕಿದ.

ಮನೆಯಲ್ಲಿ ಅಕ್ಕ ತಲೆ ಚಚ್ಚಿಕೊಂಡಳು. “ಒಂದು ಸಹಿ ಹಾಕಿದ್ರೆ ಕೈ ಸವೆದು ಹೋಗ್ತಿತ್ತೇನೇ?”

“ಕೈ ಸವೀತಿರ್ಲಿಲ್ಲ ಅಕ್ಕಾ. ಆಮೇಲೆ ನನ್ನ ಕಣ್ಣನ್ನ ನಾನೇ ನಂಬೋಕಾಗ್ತಿರ್ಲಿಲ್ಲ.”

ಉಗ್ರಾಣದಲ್ಲಿ ಅವಳೇನೂ ಮೂಲೆ ಹಿಡಿದು ಕೂರಲಿಲ್ಲ. ಗಾಜು ಕೇಳಿಕೊಂಡು ಬಂದವರನ್ನೆಲ್ಲ, “ಆ ಕಿಟಕೀಲಿ ಒಂದ್ಸಲ ಇಣುಕಿ ನೋಡಿ, ಏನು ಕಾಣುತ್ತೆ ಹೇಳಿ” ಎಂದೇ ಕಳಿಸುತ್ತಿದ್ದಳು. ಅವಳ ಜಾಗಕ್ಕೆ ಬಂದವನಿಗೂ ಮಬ್ಬೇ ಕಂಡಿತು. ಅವನು ಬಾಯಿಗೆ ಬೀಗ ಹಾಕಿಕೊಂಡು, ತಿಳಿಯಾಗಿತ್ತೆಂದೇ ಸಹಿ ಮಾಡಿದ.

ದೊಡ್ಡ ಪಾತ್ರೆಯ ಮೊದಲ ಸುತ್ತಿನಲ್ಲೇ ಪ್ಲಾಸ್ಟಿಕ್ ತಳಕ್ಕಿಳಿದು ಗಟ್ಟಿಯಾಗಿ, ಕಲಕುವ ರೆಕ್ಕೆಗಳನ್ನೇ ಕಚ್ಚಿ ಹಿಡಿಯಿತು. ಮುಖ್ಯಸ್ಥ ಉಗ್ರಾಣಕ್ಕೆ ಇಳಿದು ಬಂದ.

“ವಾಪಸ್ ಬಾ. ಎಲ್ಲರೆದುರು ‘ಸ್ವಲ್ಪ ದುಡುಕಿಬಿಟ್ಟೆ’ ಅಂತ ಒಂದು ಮಾತು ಹೇಳಿಬಿಡು. ನನ್ನ ಮರ್ಯಾದೇನೂ ಉಳಿಯುತ್ತೆ.”

“ನಾನು ಬರ್ತೀನಿ. ಆ ಮಾತು ಬರಲ್ಲ.”

ಉಗ್ರಾಣದ ಬೀಗದ ಕೈಯನ್ನು ಅವನ ಅಂಗೈಗೆ ತುರುಕಿ, ಮೆಟ್ಟಿಲು ಹತ್ತಿದಳು. ಕಿಟಕಿಯ ಪಾತ್ರೆಯ ಬೋಲ್ಟು ಬಿಗಿದು, ಒತ್ತಡ ಏರಿಸಿ, ಎಲ್ಲ ತಿಳಿಯಾದ ಮೇಲೆ ನಿಧಾನಕ್ಕೆ ಇಳಿಸತೊಡಗಿದಳು. ಅವನು ಹಿಂದೆಯೇ ನಿಂತಿದ್ದ. ಮೊದಲಿನ ಅದೇ ಒತ್ತಡದಲ್ಲಿ ಕಿಟಕಿಗೆ ಬಿಳುಪು ಕವಿಯಿತು.

“ಕಾಣ್ತಾ?”

“ಹ್ಞೂಂ.”

“ಹ್ಞೂಂ ಅಲ್ಲ. ಬಾಯಿಬಿಟ್ಟು ಹೇಳು.”

ಕೋಣೆಯಲ್ಲಿದ್ದವರೆಲ್ಲ ಕೈಕೆಲಸ ನಿಲ್ಲಿಸಿ ಅವನತ್ತ ತಿರುಗಿದರು.

“ಮಬ್ಬಾಯ್ತು,” ಎಂದ.